ಬಲಮಗ್ಗುಲು

ಸೋಮವಾರ, ಬುಧವಾರ, ಶುಕ್ರವಾರ.
ನನ್ನ ಪಂಚಾಂಗದಲ್ಲಿ ಈ ಮೂರೇ ವಾರ.
ಹಚಿನೊಹೆ ಬಂದರಿನ ಹಿಂದಿನ ಓಣಿ, ಎರಡನೆಯ ಮಹಡಿ,
ಕಿಟಕಿ ಪಕ್ಕದ ಒಂಬತ್ತನೆಯ ಹಾಸಿಗೆ.
ಎಡತೋಳಿಗೆ ಎರಡು ಸೂಜಿ.
ಚರ್ಮದಡಿ ರಕ್ತ ಗುಂಯ್ ಎನ್ನುತ್ತದೆ
ಸೀಸೆಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ.
ನಾಲ್ಕು ಗಂಟೆ ಹೊರಗೆ ಸುತ್ತಾಡಿ
ಮಿಂದು ಮರಳುತ್ತದೆ
ತುಸು ತಣ್ಣಗಾಗಿ.

ಮೊದಲು ಐದು ವರ್ಷ. ಈಗ ಏಳು.
ನಡುವೆ ಆರು ವರ್ಷ ನನಗೆ ರಜೆ ಇತ್ತು:
ಸೆಯ್‌ಕಿಚಿ ತನ್ನದೊಂದನ್ನು ಕೊಟ್ಟಿದ್ದ.

ಬೊಂಡಾಸು ಹಿಡಿಯುವ ದೋಣಿಯಲ್ಲಿ ದೀಪದ ಕೆಲಸ ಅವನದು.
ಬಿಸಿಲು ಕಾಣದೆ, ರಾತ್ರಿಯ ದೀಪಕ್ಕೇ
ಕಪ್ಪಾದ ಮುಖ.
ಎರಡು ಎಂಜಿನ್ನಿನ ದೋಣಿ ಒಂದರಲ್ಲೂ ದಡ ಸೇರುತ್ತದೆ, ಅಂದ.
ಅಷ್ಟೇ ಅಂದದ್ದು.
ನನ್ನ ಬಲಮಗ್ಗುಲಲ್ಲಿ, ತೊಡೆಸಂದಿನ ಮೇಲೆ
ಮುಷ್ಟಿಗಾತ್ರದ ಅವನನ್ನು ಇಟ್ಟು ಹೊಲಿದರು.
ನೀರು ಕುಡಿದೆ ಆವತ್ತು, ಅಳೆಯದೆ,
ಒಂದು ಇಡೀ ಲೋಟ.

ನಾಲ್ಕನೆಯ ಚಳಿಗಾಲ, ಹೆಪ್ಪುಗಟ್ಟಿದ ಡೆಕ್ಕಿನಲ್ಲಿ ಕಾಲು ಜಾರಿ
ಅವನು ಹೋದ.
ಹೋದ ಮೇಲೂ ಎರಡು ವರ್ಷ
ಅವನ ಮೂತ್ರಪಿಂಡ ತಪ್ಪದೆ ಕೆಲಸಕ್ಕೆ ಹೋಯಿತು.
ಆಮೇಲೆ ಅದೂ ನಿಂತಿತು.
ಇರಲಿ ಬಿಡಿ, ಅದರ ಪಾಡಿಗೆ ಇರುತ್ತದೆ, ಅಂದರು.
ನಿಂತ ಗಡಿಯಾರವನ್ನು ಗೋಡೆಯಿಂದ ಯಾರು ಇಳಿಸುತ್ತಾರೆ?

ಈ ವರ್ಷ ಅನ್ನ ರುಚಿ ಬಿಟ್ಟಿತು.
ರಕ್ತ ಏರಿಸುವ ಮದ್ದು ಮರಳಿಗೆ ಸುರಿದ ನೀರಾಯಿತು.
ಮೆಟ್ಟಿಲು ಹನ್ನೆರಡು, ಮೂರು ಸಲ ನಿಲ್ಲುತ್ತೇನೆ.
ಹಲ್ಲು ನೋಡಿದರು. ಶ್ವಾಸಕೋಶ ನೋಡಿದರು.
ಯಂತ್ರದ ನೀರನ್ನೂ ಎರಡೆರಡು ಸಲ ಪರೀಕ್ಷಿಸಿದರು.
ಡಾಕ್ಟರ್ ನುಮದಾತೆ ಚೀಟಿಯ ಮೇಲೆ ಒಂದು ಪದ ಬರೆದರು:
ಉರಿಯೂತ.
ನಮ್ಮ ಲಿಪಿಯಲ್ಲಿ ಅದನ್ನು ಬರೆಯಲು
ಬೆಂಕಿಯ ಮೇಲೊಂದು ಬೆಂಕಿ ಇಡಬೇಕು.

ಎಲ್ಲಿ ಉರಿ? ಮೈ ತಣ್ಣಗಿದೆ.
ಎಲ್ಲಿ ಊತ? ಉಂಗುರ ಬೆರಳಲ್ಲಿ ನಿಲ್ಲುತ್ತಿಲ್ಲ.
ಬೂದಿ ಮುಚ್ಚಿದೆ, ಕೆಂಡ ಒಳಗಿದೆ, ಅಂದರು.
ಸಾಯಿಸುವುದು ಹೆಚ್ಚಾಗಿ ಇದೇ,
ಜ್ವಾಲೆಯಲ್ಲ;
ಊಟ, ಸ್ನಾಯು, ಹೃದಯದ ನಾಳ,
ದಿನಕ್ಕಿಷ್ಟು ಸೌದೆ.
ತೆರೆಯ ಮೇಲೆ ಬೆರಳಿಟ್ಟರು. ಬಲಮಗ್ಗುಲು.
ಸತ್ತ ಅಂಗ ಸುಮ್ಮನಿಲ್ಲ, ಫುಸಾಎ ಸಾನ್,
ಇದು ನನ್ನದಲ್ಲ ಎಂದು ದೇಹ ಇನ್ನೂ ಜಗಳಕ್ಕಿದೆ.

ಹದಿಮೂರು ವರ್ಷ ಒಂದೇ ಚರ್ಮದ ಸೂರಿನಡಿ ಬಾಳಿ
ನನ್ನ ರಕ್ತ ಅವನನ್ನು ಕೇಳುತ್ತಿದೆ:
ನೀನು ಯಾರು?

ಒಲ್ಲೆ ಅಂದೆ. ವಸಂತ ಕಳೆಯಿತು.
ಏಳನೆಯ ಹಾಸಿಗೆಯ ಕ್ಷೌರಿಕ ತೊಮೆಗೊರೊ,
ಇಪ್ಪತ್ತೆಂಟು ವರ್ಷ ಯಂತ್ರದ ಜೊತೆ ಬಾಳಿದವನು,
ಉಪ್ಪು ಬಿಟ್ಟೆ, ಕೋಪ ಬಿಡಲಿಲ್ಲ, ಅದಕ್ಕೇ ಇದ್ದೇನೆ
ಎಂದು ನಗುತ್ತಿದ್ದ.
ಒಂದು ಬುಧವಾರ ಅವನ ಹಾಸಿಗೆಗೆ ಹೊಸ ಹೊದಿಕೆ,
ಮಡಿಕೆಯ ಗೆರೆ ಇನ್ನೂ ಅಳಿದಿಲ್ಲ.
ಇಲ್ಲಿ ಯಾರೂ ಕೇಳುವುದಿಲ್ಲ.
ನಾನೂ ಕೇಳಲಿಲ್ಲ.
ಶುಕ್ರವಾರ ಸಹಿ ಹಾಕಿದೆ.

ನರ್ಸ್ ಮಿಯೊಕೊಗೆ ಒಂದೇ ಪ್ರಶ್ನೆ:
ತೆಗೆದದ್ದನ್ನು ಎಲ್ಲಿಡುತ್ತೀರಿ?
ಅವಳು ಗಡಿಯಾರ ನೋಡಿಕೊಂಡಳು.
ಸೂಜಿ ಚುಚ್ಚುವಾಗ ಎಂದೂ ನಡುಗದ ಕೈ ಅದು.

ಆರು ವಾರ ಕಳೆಯಿತು. ನಾಲ್ಕು ಇದ್ದ ಅಂಕಿ
ಸೊನ್ನೆ ಬಿಂದು ಮೂರಕ್ಕೆ ಇಳಿದಿದೆ.
ಹಸಿವು ಬಂದಿದೆ, ನಾಚಿಕೆಗೆಟ್ಟ ಹಸಿವು.
ಉಪ್ಪಿಲ್ಲದ ಬೊಂಡಾಸಿನ ಒಂದು ಚೂರು,
ಒಂದು ಬಟ್ಟಲು ಅನ್ನ,
ಅಗುಳು ಬಿಡದೆ ತಿಂದೆ.

ರಾತ್ರಿ ಕಡಲ ಅಂಚಲ್ಲಿ ದೋಣಿಗಳ ದೀಪ ಹೊತ್ತುತ್ತದೆ.
ಹಿಂದೆ ಎಣಿಸುತ್ತಿದ್ದೆ. ಕಮ್ಮಿಯಾಗಿವೆ ಈಗ.
ಅವನಿಗೆ ಭಾರವಾದೀತೆಂದು ಹದಿಮೂರು ವರ್ಷ
ಬಲಮಗ್ಗುಲಿಗೆ ಮಲಗಿರಲಿಲ್ಲ ನಾನು.
ಇನ್ನು ಮಲಗಬಹುದು, ಡಾಕ್ಟರೇ ಹೇಳಿದ್ದಾರೆ.

ದೀಪ ಆರಿಸಿ
ಎಡಕ್ಕೇ ಹೊರಳುತ್ತೇನೆ.